ತಿಕ್ಕಬೇಡಿ, ಮೊದಲು ಓದಿ: ಸವೆದ ಬಹ್ಮನಿ ನಾಣ್ಯದ ಗುರುತು

ಬೀದರ್ ಜಿಲ್ಲೆಯ ಭಾಲ್ಕಿ ತಾಲೂಕಿನ ಭಾತಂಬ್ರಾ ಹಳೇ ಕೋಟೆಯಿರುವ ಊರು. ಬಹ್ಮನಿ ಸುಲ್ತಾನರು ಆಳಿದ ನೆಲ. ಇಂಥ ಕಡೆ ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹಸಿರು ಹಿಡಿದ ತಾಮ್ರದ ಬಿಲ್ಲೆ ಸಿಕ್ಕಿದ್ರೆ ಹಲವರಿಗೆ ತೋಚುವುದು ಎರಡೇ: ಹುಣಸೆಹುಳಿ ಹಾಕಿ ತಿಕ್ಕುವುದು, ಇಲ್ಲವೇ ಗುಜರಿಗೆ ತೂಕಕ್ಕೆ ಹಾಕುವುದು. ಎರಡರಲ್ಲೂ ಹೋಗುವುದು ಇತಿಹಾಸದ ಒಂದು ದಾಖಲೆ.

ಗ್ರೀಕರ ನಾಣ್ಯ ಸವೆದಿದ್ದರೂ ಎಷ್ಟೋ ಸಲ ಚಿತ್ರ ನೋಡಿ ಊರು ಊಹಿಸಬಹುದು. ಗೂಬೆ ಇದ್ದರೆ ಅಥೆನ್ಸ್ ಅಂತ ಮೊದಲ ಊಹೆ. ಅವರ ನಾಣ್ಯದ ಹೆಸರು ದ್ರಾಕ್ಮಾ. ಅದೇ ಅರಬಿಯಲ್ಲಿ ದಿರ್ಹಮ್ ಆಯಿತು, ನಮ್ಮ ಹಳಗನ್ನಡ ಶಾಸನಗಳಲ್ಲಿ ದ್ರಮ್ಮ ಆಯಿತು. ಆದರೆ ಬಹ್ಮನಿ ನಾಣ್ಯದಲ್ಲಿ ಮುಖವಿಲ್ಲ, ಗೂಬೆಯಿಲ್ಲ. ಎರಡೂ ಬದಿ ಅರಬಿ ಅಕ್ಷರ ಮಾತ್ರ. ಅಕ್ಷರ ಅಳಿಸಿದರೆ ಗುರುತೂ ಅಳಿಸಿತು.

ಇಲ್ಲಿ ಮದ್ರಸದ ಮಕ್ಕಳಿಗೆ ಕೆಲಸವಿದೆ. ಅಹ್ಮದ್, ಮುಹಮ್ಮದ್, ಮಹ್ಮೂದ್ ಈ ಮೂರೂ ಹೆಸರಿನ ಸುಲ್ತಾನರು ಬೀದರಿನಿಂದ ಆಳಿದ್ದಾರೆ. ಮೂರರಲ್ಲೂ ಹಾ, ಮೀಮ್, ದಾಲ್ ಇವೆ. ಎಲ್ಲೂ ಚುಕ್ಕಿಯಿಲ್ಲ. ಆರಂಭದಲ್ಲಿ ಅಲಿಫ್ ಕಂಡರೆ ಅಹ್ಮದ್. ಮೀಮ್ ಇದ್ದು, ಕೊನೆಯ ದಾಲ್‌ಗೆ ಮೊದಲು ವಾವ್ ಇದ್ದರೆ ಮಹ್ಮೂದ್, ಇಲ್ಲದಿದ್ದರೆ ಮುಹಮ್ಮದ್. ಒಂದೇ ಒಂದು ವಾವ್ ಸುಲ್ತಾನನನ್ನೇ ಬದಲಿಸುತ್ತದೆ!

ಹೆಸರಿನ ನಂತರ 'ಬಿನ್' ಇದೆಯೇ ನೋಡಿ. 1422ರಿಂದ 1436ರವರೆಗೆ ಆಳಿದ ಅಹ್ಮದ್ ಶಾಹನ ಮಗನೂ ಅಹ್ಮದ್ ಶಾಹನೇ. ತಂದೆಯ ಹೆಸರು ಓದಿದರೆ ಇಬ್ಬರನ್ನು ಬೇರೆ ಮಾಡಲು ನೆರವಾಗುತ್ತದೆ. ಅಂಕಿ ಕಂಡರೆ ಅದು ಹಿಜರಿ ವರ್ಷ. 887 ಅಂದ್ರೆ 1482, ಮಹ್ಮೂದ್ ಶಾಹ ಪಟ್ಟಕ್ಕೆ ಬಂದ ವರ್ಷ. ಆತ 1518ರವರೆಗೆ ಆಳಿದ.

ಎಷ್ಟೋ ನಾಣ್ಯಗಳಲ್ಲಿ ಪೂರ್ತಿ ಬರಹ ಇರುವುದಿಲ್ಲ. ಅದಕ್ಕೆ ಸವೆತವೊಂದೇ ಕಾರಣವಲ್ಲ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಸುತ್ತಿಗೆಯಿಂದ ಹೊಡೆದಾಗ ಬರಹದ ಒಂದು ಪಾಲು ಹೊರಗೇ ಉಳಿಯುತ್ತಿತ್ತು. ಹಾಗಾಗಿ ನಾಲ್ಕೈದು ನಾಣ್ಯ ಪಕ್ಕದಲ್ಲಿಟ್ಟು ಓದಿದರೆ ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತದೆ.

ಮಾಡಬೇಕಾದ್ದು ಇಷ್ಟು. ಹುಳಿ, ಬೂದಿ, ಬ್ರಷ್ ಮುಟ್ಟಿಸಬೇಡಿ. ಉಬ್ಬಿದ ಅಕ್ಷರವೇ ಮೊದಲು ಸವೆಯುವುದು. ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಅಗಲ ಅಳೆಯಿರಿ. ಬಹ್ಮನಿ ಬೆಳ್ಳಿ ಟಂಕ ಸುಮಾರು 11 ಗ್ರಾಂ ಇರುತ್ತದೆ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಬದಿಯಿಂದ ಹಿಡಿದು ಎರಡೂ ಬದಿಯ ಫೋಟೊ ತೆಗೆಯಿರಿ. ಅಡ್ಡ ಬೆಳಕಿನ ನೆರಳಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಸಿಕ್ಕಿದ ಜಾಗ, ಆಳ, ತಾರೀಕು ಬರೆದಿಡಿ. ಜಾಗ ಗೊತ್ತಿಲ್ಲದ ನಾಣ್ಯ ಅರ್ಧ ಕತೆ ಮಾತ್ರ ಹೇಳುತ್ತದೆ.

ಕಾನೂನೂ ನೆನಪಿರಲಿ. ಮಣ್ಣಿನಲ್ಲಿ ಸಿಕ್ಕ ನಿಧಿ ನಮ್ಮ ಜಮೀನಿನದ್ದೇ ಆದರೂ ಸರಕಾರಕ್ಕೆ ತಿಳಿಸಬೇಕು. ಅಡಗಿಸಿಡುವುದು, ಮಾರುವುದು ಅಪರಾಧ. ಮಕ್ಕಳು ಓದಿದ್ದನ್ನು ಒಂದು ಚೀಟಿಯಲ್ಲಿ ಬರೆದು, ನಾಣ್ಯದ ಜೊತೆಗೇ ಕೊಡಿ.