ಊರ ಕಲ್ಲಿನ ಕಥೆ ಹೇಳುವ ವಿದ್ಯಾರ್ಥಿಗೆ ಸಮ್ಮೇಳನದ ವೇತನ

ನಿಮ್ಮ ಊರಿನ ದೇವಸ್ಥಾನದ ಹಿಂದೆಯೋ ಕೆರೆ ಏರಿಯ ಮೇಲೆಯೋ ಕತ್ತಿ ಹಿಡಿದ ವೀರನನ್ನು ಕೆತ್ತಿದ ಒಂದು ಕಲ್ಲು ನಿಂತಿರಬಹುದು. ಹಬ್ಬದ ದಿನ ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತೀರಿ. ಉಳಿದ ದಿನ ಅದರ ಮೇಲೆ ಬಟ್ಟೆ ಒಣಗುತ್ತದೆ. ಅದರಲ್ಲಿ ಏನು ಬರೆದಿದೆ ಎಂದು ಮಕ್ಕಳು ಕೇಳಿದರೆ, “ಏನೋ ಹಳೆಯ ಕಾಲದ್ದು” ಎಂದು ಹೇಳಿ ಮುಂದೆ ಹೋಗುತ್ತೀರಿ. ಆದರೆ ಅಂತಹ ಕಲ್ಲಿನ ಮಾತನ್ನು ಜನರಿಗೆ ತಿಳಿಯುವಂತೆ ಹೇಳುವುದೇ ಇಂದು ಒಂದು ವೃತ್ತಿಯಾಗಿದೆ. ಆ ವೃತ್ತಿಯವರು ಸಮ್ಮೇಳನಗಳಲ್ಲಿ ಕೂಡುತ್ತಾರೆ. ಅಲ್ಲಿಗೆ ಬರುವ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನವೂ ಉಂಟು. ಅಂಜನಾಪುರದ ಸುತ್ತಮುತ್ತ ಕಾಲೇಜಿಗೆ ಹೋಗುವ ಮಕ್ಕಳೂ ಅವರ ತಂದೆತಾಯಿಗಳೂ ಈ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಇದೆಂತಹ ಕೆಲಸ?

ಇದಕ್ಕೆ ಪರಂಪರೆಯ ವಿವರಣೆ ಎಂದು ಹೆಸರು. ಅಮೆರಿಕದ ಫ್ರೀಮನ್ ಟಿಲ್ಡನ್ ಎಂಬ ಬರಹಗಾರರು ಅಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿ, 1957ರಲ್ಲಿ ಈ ಕೆಲಸದ ಬಗ್ಗೆ ಒಂದು ಪುಸ್ತಕ ಬರೆದರು. ಬರಿಯ ಮಾಹಿತಿ ಒಪ್ಪಿಸಿದರೆ ಅದು ವಿವರಣೆಯಾಗದು, ಕೇಳುವವನ ಬದುಕಿಗೆ ಅದು ತಾಗಬೇಕು ಎಂಬುದು ಅವರ ಮಾತಿನ ತಿರುಳು. ಇಸವಿ, ರಾಜನ ಹೆಸರು, ಕಲ್ಲಿನ ಎತ್ತರ, ಇವು ಬೇಕು. ಆದರೆ ಇವಿಷ್ಟನ್ನೇ ಹೇಳಿದರೆ ಕೇಳುವವರು ಆಕಳಿಸುತ್ತಾರೆ.

ನಮ್ಮ ಹತ್ತಿರದ ಉದಾಹರಣೆಯನ್ನೇ ನೋಡಿ. ಅಂಜನಾಪುರದಿಂದ ಗೊಟ್ಟಿಗೆರೆ ದಾಟಿ ಪೂರ್ವಕ್ಕೆ ಹೋದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಈಗ ನಾವು ಕೇಳಿ ಬೆಳೆದ ಕಥೆಯನ್ನು ನೆನೆಯಿರಿ: ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಆದ್ದರಿಂದ ಬೆಂದಕಾಳೂರು. ಎರಡನೆಯ ವೀರಬಲ್ಲಾಳನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ರಾಜನಿಗೆ ಅಜ್ಜಿ ಕಾಳು ಬಡಿಸುವುದಕ್ಕೆ ಹೆಚ್ಚುಕಡಿಮೆ ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು!

ಇದನ್ನು ಹೇಳಿ ಅಜ್ಜಿಯ ಕಥೆಯನ್ನು ಹೀಯಾಳಿಸುವುದು ಸುಲಭ. ಒಳ್ಳೆಯ ವಿವರಣಕಾರನು ಹಾಗೆ ಮಾಡುವುದಿಲ್ಲ. ಕಲ್ಲು ಏನು ನೆನಪಿಟ್ಟುಕೊಂಡಿತು, ಜನ ಏನು ನೆನಪಿಟ್ಟುಕೊಂಡರು, ಎರಡೂ ಏತಕ್ಕೆ ಬೇರೆಯಾದವು ಎಂದು ಕೇಳುಗರನ್ನೇ ಯೋಚನೆಗೆ ಹಚ್ಚುತ್ತಾನೆ. ಇದೇ ಅವನ ಕಸುಬು.

ಸಮ್ಮೇಳನದಲ್ಲಿ ಏನು ನಡೆಯುತ್ತದೆ?

ವಸ್ತುಸಂಗ್ರಹಾಲಯ, ಕೋಟೆ, ಅರಣ್ಯಧಾಮ, ಹಳೆಯ ದೇವಾಲಯಗಳಲ್ಲಿ ಕೆಲಸ ಮಾಡುವವರು ಕೂಡಿ, ತಾವು ಮಾಡಿದ್ದನ್ನು ಹೇಳುತ್ತಾರೆ, ತಪ್ಪಿದ್ದನ್ನೂ ಹೇಳುತ್ತಾರೆ. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಫಾರ್ ಇಂಟರ್‌ಪ್ರಿಟೇಷನ್ ಎಂಬ ಸಂಘವು ಎರಡು ಹಳೆಯ ಸಂಘಗಳು ಸೇರಿ 1988ರಲ್ಲಿ ಆದದ್ದು. ಯೂರೋಪಿನ ಸಂಘ 2010ರದು. ಅಮೆರಿಕದ ಸಂಘದವರ ಒಂದು ಪದ್ಧತಿ ನಮ್ಮ ಹಳ್ಳಿಯವರಿಗೆ ಹೊಸದಲ್ಲ: ಸದಸ್ಯರು ತಂದುಕೊಟ್ಟ ವಸ್ತುಗಳನ್ನು ಸಮ್ಮೇಳನದಲ್ಲಿ ಹರಾಜು ಹಾಕುತ್ತಾರೆ. ಬಂದ ಹಣ ವಿದ್ಯಾರ್ಥಿವೇತನದ ನಿಧಿಗೆ ಸೇರುತ್ತದೆ. ಊರಹಬ್ಬದಲ್ಲಿ ದೇವರ ಹೂವಿನ ಹಾರವನ್ನು ಹರಾಜು ಕೂಗಿ ದೇವಸ್ಥಾನಕ್ಕೆ ಹಣ ಕೂಡಿಸುವುದಿಲ್ಲವೇ? ಇದೂ ಹಾಗೆಯೇ.

ಹೊಸಬರು ಮೊದಲ ಹೆಜ್ಜೆಯಲ್ಲೇ ಸಮುದ್ರ ದಾಟಬೇಕೆಂದೇನೂ ಇಲ್ಲ. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಕನ್ನಡದಲ್ಲಿಯೇ ಪ್ರಬಂಧ ಓದಬಹುದು. ನಾಲ್ಕು ಜನರೆದುರು ನಿಂತು ಮಾತನಾಡುವ ಅಭ್ಯಾಸ ಹತ್ತಿರದಲ್ಲೇ ಆಗಲಿ; ದೂರದ್ದು ಆಮೇಲೆ.

ವೇತನ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ?

ಇಲ್ಲಿ ಎಚ್ಚರ ಬೇಕು. ವಿದ್ಯಾರ್ಥಿವೇತನ ಎಂದ ಕೂಡಲೇ ಎಲ್ಲ ಖರ್ಚೂ ಅವರದೇ ಎಂದು ತಿಳಿಯಬಾರದು. ಸಮ್ಮೇಳನದ ಖರ್ಚು ಮೂರು ಬಗೆ: ನೋಂದಣಿ ಶುಲ್ಕ, ಊಟ ವಸತಿ, ಪ್ರಯಾಣ. ಕೆಲವು ವೇತನಗಳು ಶುಲ್ಕವನ್ನು ಮಾತ್ರ ಬಿಡುತ್ತವೆ. ಕೆಲವು ವಸತಿಯನ್ನೂ ಕೊಡುತ್ತವೆ. ಇನ್ನು ಕೆಲವು, ನೀವು ಮೊದಲು ಕೈಯಿಂದ ಹಾಕಿ ರಶೀದಿ ಕಳುಹಿಸಿದ ಮೇಲೆ ಹಣ ಹಿಂದಿರುಗಿಸುತ್ತವೆ. ಆದ್ದರಿಂದ ಒಪ್ಪಿಗೆ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವ ಖರ್ಚು ನಿಮ್ಮದು? ಹಣ ಮೊದಲೋ ಆಮೇಲೋ? ಪ್ರತಿಯಾಗಿ ನಾನು ಸಮ್ಮೇಳನದಲ್ಲಿ ಕೆಲಸ ಮಾಡಬೇಕೇ? ವಿದೇಶವಾದರೆ ಪಾಸ್‌ಪೋರ್ಟು, ವೀಸಾಗಳ ಖರ್ಚನ್ನೂ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉತ್ತರ ಬರುವ ಮುಂಚೆ ಮನೆಯ ಒಡವೆ ಅಡವಿಟ್ಟು ಟಿಕೆಟ್ ಕೊಳ್ಳಬೇಡಿ. “ನಿಮಗೆ ವೇತನ ಸಿಕ್ಕಿದೆ, ಅದನ್ನು ಪಡೆಯಲು ಇಷ್ಟು ಹಣ ಕಟ್ಟಿ” ಎಂದು ಯಾರಾದರೂ ಬರೆದರೆ ಅದು ಮೋಸವೆಂದು ತಿಳಿದು, ಅಧ್ಯಾಪಕರಿಗೆ ತೋರಿಸಿ.

ಅರ್ಜಿಯಲ್ಲಿ ಏನು ಬರೆಯಬೇಕು?

ಸಾಮಾನ್ಯವಾಗಿ ಕೇಳುವುದು ಮೂರು: ವಿದ್ಯಾರ್ಥಿಯೆಂಬುದಕ್ಕೆ ಕಾಲೇಜಿನ ಪತ್ರ, ಅಧ್ಯಾಪಕರ ಶಿಫಾರಸು, ನಿಮ್ಮ ಬಗ್ಗೆ ಒಂದು ಬರಹ. ಗೆಲ್ಲುವುದೂ ಸೋಲುವುದೂ ಈ ಬರಹದಲ್ಲಿಯೇ. “ನನಗೆ ಪರಂಪರೆಯಲ್ಲಿ ಅಪಾರ ಆಸಕ್ತಿಯಿದೆ” ಎಂದು ಎಲ್ಲರೂ ಬರೆಯುತ್ತಾರೆ. ಅದರ ಬದಲು ಒಬ್ಬ ವಿದ್ಯಾರ್ಥಿನಿ ಹೀಗೆ ಬರೆದಳೆಂದು ಇಟ್ಟುಕೊಳ್ಳಿ: “ಎರಡು ಭಾನುವಾರ ನಮ್ಮ ಬೀದಿಯ ಮಕ್ಕಳನ್ನು ಬೇಗೂರಿನ ಶಾಸನದ ಬಳಿಗೆ ಕರೆದೊಯ್ದೆ. ಮೊದಲ ವಾರ ಗಂಗರ ವಂಶಾವಳಿ ಹೇಳಿದೆ, ಮಕ್ಕಳು ಓಡಿಹೋದರು. ಮುಂದಿನ ವಾರ ಹಳೆಯ ಅಕ್ಷರಗಳನ್ನೂ ಇಂದಿನ ಅಕ್ಷರಗಳನ್ನೂ ಒಂದೇ ಹಾಳೆಯಲ್ಲಿ ಬರೆದುಕೊಟ್ಟು, ನಮ್ಮ ಊರಿನ ಹೆಸರನ್ನು ಕಲ್ಲಿನಲ್ಲಿ ಹುಡುಕಿ ಎಂದೆ. ಒಂದು ಗಂಟೆ ಯಾರೂ ಕದಲಲಿಲ್ಲ.” ಇವಳಿಗೆ ಸೋತದ್ದೂ ಗೊತ್ತು, ತಿದ್ದಿಕೊಂಡದ್ದೂ ಗೊತ್ತು. ಆಯ್ಕೆ ಮಾಡುವವರು ಹುಡುಕುವುದು ಇಂತಹವರನ್ನೇ. ಕೊನೆಯ ದಿನಾಂಕವು ಸಮ್ಮೇಳನಕ್ಕೆ ಎಷ್ಟೋ ತಿಂಗಳು ಮುಂಚೆಯೇ ಬರುವುದುಂಟು, ಆದುದರಿಂದ ಕೆಲಸವನ್ನು ಈಗಲೇ ಆರಂಭಿಸಬೇಕು.

ಕೆಲಸಕ್ಕೆ ಆಧಾರ ಎಲ್ಲಿದೆ?

ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ 9ನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ, ನಿಮ್ಮ ಊರಿನ ಹೆಸರು ಅದರಲ್ಲಿದೆಯೇ ನೋಡಿ. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರಲ್ಲಿ ಆನೆ ಕುದುರೆಗಳ ಕಾಳಗವೂ, ಬೆಂಪೂರು ಎಂದು ಕರೆಸಿಕೊಂಡಿದ್ದ ಬೇಗೂರಿನ ಸುತ್ತಲ ಹಳ್ಳಿಗಳ ಹೆಸರುಗಳೂ ಇವೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯು ಬೆಂಗಳೂರಿನ ಶಾಸನಗಳನ್ನು ಯಂತ್ರದಿಂದ ಅಳೆದು, ಗಣಕದಲ್ಲಿ ಅವುಗಳ ಯಥಾವತ್ ಪ್ರತಿ ಮಾಡಿಡುವ ಕೆಲಸವನ್ನು ಕೈಗೊಂಡಿದೆ.

ಒಂದು ಮಾತು ಮರೆಯಬೇಡಿ. ಓದಲೆಂದು ಕಲ್ಲಿಗೆ ಸೀಮೆಸುಣ್ಣ ತುಂಬಬಾರದು, ಬಣ್ಣ ಬಳಿಯಬಾರದು, ತಂತಿ ಬ್ರಷ್ಷಿನಿಂದ ಉಜ್ಜಬಾರದು. ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರ ತಾನೇ ಎದ್ದು ಕಾಣುತ್ತದೆ.

ಊರಿನವರು ಮಾಡಬೇಕಾದದ್ದು

ಅಂಜನಾಪುರದ ಹೊಲಗಳು ಬಡಾವಣೆಯಾದವು. 2021ರಲ್ಲಿ ಮೆಟ್ರೊ ರೈಲೂ ರೇಷ್ಮೆ ಸಂಸ್ಥೆಯವರೆಗೆ ಬಂದಿತು. ಸೈಟು ಮಾಡುವಾಗ, ರಸ್ತೆ ಅಗಲ ಮಾಡುವಾಗ ಕಲ್ಲು ಮಣ್ಣಿನಡಿ ಹೋದರೆ ಕೇಳುವವರಿರುವುದಿಲ್ಲ. ರೈಸ್ ಅವರು ಕಂಡ ಕಲ್ಲುಗಳಲ್ಲಿ ಎಷ್ಟೋ ಇಂದು ಹುಡುಕಿದರೂ ಸಿಗುವುದಿಲ್ಲ. ಕಥೆ ತಿಳಿದ ಕಲ್ಲನ್ನು ಜನ ಅಷ್ಟು ಸುಲಭವಾಗಿ ಹೂಳಗೊಡುವುದಿಲ್ಲ. ಆದ್ದರಿಂದ ಕಥೆ ಹೇಳಬಲ್ಲ ಹುಡುಗ ಹುಡುಗಿಯರು ಊರಿಗೆ ಬೇಕು.

ಅಂತಹವರೊಬ್ಬರು ನಿಮ್ಮ ಬೀದಿಯಲ್ಲಿದ್ದರೆ, “ಇದರಿಂದ ಹೊಟ್ಟೆ ತುಂಬುತ್ತದೆಯೇ?” ಎಂದು ಕೇಳಿ ಉತ್ಸಾಹ ಕುಂದಿಸಬೇಡಿ. ಶುಲ್ಕ ವೇತನದಿಂದ ಬಂದು ಬಸ್ಸು ರೈಲಿನ ಹಣ ಸಾಲದೆ ಹೋದರೆ, ಯುವಕ ಸಂಘವೂ ಮಹಿಳಾ ಸಂಘವೂ ಕೈಜೋಡಿಸಲಿ. ಹಿಂದಿರುಗಿ ಬಂದ ಮೇಲೆ ಅವರು ಕಲಿತದ್ದನ್ನು ಅರಳಿಕಟ್ಟೆಯಲ್ಲಿ ಊರವರಿಗೆಲ್ಲ ಹೇಳಲಿ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಗಾದೆ. ಈ ಭಾನುವಾರ ಮಕ್ಕಳೊಡನೆ ಹೋಗಿ ನಿಮ್ಮ ಹಿತ್ತಲ ಕಲ್ಲನ್ನು ಒಮ್ಮೆ ಓರೆ ಬಿಸಿಲಿನಲ್ಲಿ ನೋಡಿ ಬನ್ನಿ.