ಅನ್ನ ತಿನ್ನುವ ನಾಯಿಗೆ ‘ಗ್ರೇನ್ ಫ್ರೀ’ ತಿಂಡಿ ಬೇಕೇ?

ನಮ್ಮ ಅಮಾಸೆಬೈಲಿನಲ್ಲಿ ನಾಯಿ ಇಲ್ಲದ ತೋಟದ ಮನೆ ಕಡಿಮೆ. ತೋಟಕ್ಕೆ ಮಂಗ, ಕಾಡುಹಂದಿ ಬಂದದ್ದು ಮೊದಲು ಗೊತ್ತಾಗುವುದು ಅದಕ್ಕೇ. ಅದರ ಊಟ ನಾವು ಉಣ್ಣುವ ಕುಚ್ಚಲಕ್ಕಿ ಅನ್ನ ಮತ್ತು ಉಳಿದ ಮೀನು. ತಿಂಡಿ ಎಂದರೆ ಅಂಗಡಿಯ ಗ್ಲೂಕೋಸ್ ಬಿಸ್ಕತ್ತು. ಈಚೆಗೆ ಪೇಟೆಯಿಂದ ಬರುವವರ ಕೈಯಲ್ಲಿ ಬೇರೆ ಪೊಟ್ಟಣ ಕಾಣುತ್ತಿದೆ. ಅದರ ಮೇಲೆ ದೊಡ್ಡದಾಗಿ ‘ಗ್ರೇನ್ ಫ್ರೀ’, ಅಂದರೆ ಧಾನ್ಯ ಇಲ್ಲದ್ದು, ಎಂದು ಬರೆದಿರುತ್ತದೆ. ಬೆಂಗಳೂರಿನ ಹೋಟೆಲಿನಲ್ಲಿರುವ ನನ್ನ ಚಿಕ್ಕಪ್ಪ ಕಳೆದ ಮಳೆಗಾಲದಲ್ಲಿ ಅಂಥದ್ದೊಂದು ತಂದರು. ನಮ್ಮ ಕರಿಯ ಮೈ ಕೆರೆದುಕೊಳ್ಳುವುದನ್ನು ನೋಡಿ, “ನಾಯಿಗೆ ಅನ್ನ ಹಾಕುಕಾಗ ಅಂಬ್ರ್” ಎಂದರು. ಮನೆಯಲ್ಲಿ ಅನ್ನ ನಿಲ್ಲಿಸುವ ಮಾತೇ ಶುರುವಾಯಿತು. ಅರ್ಧ ಹೊಟ್ಟೆಯ ಪ್ರಶ್ನೆಯಾದ್ದರಿಂದ ನಾನು ಈ ವಿಷಯ ಓದತೊಡಗಿದೆ.

ನಾಯಿ ತೋಳದ ವಂಶದ್ದು, ಹಾಗಾಗಿ ಅದಕ್ಕೆ ಮಾಂಸವೇ ಸರಿ ಎಂಬುದು ಪೊಟ್ಟಣದವರ ವಾದ. ಅರ್ಧ ಮಾತ್ರ ನಿಜ. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇದೆ. ಮನುಷ್ಯ ಬೆಳೆ ಬೆಳೆಯತೊಡಗಿದ ಮೇಲೆ ಅವನ ಜೊತೆಗಿದ್ದ ನಾಯಿಯ ಹೊಟ್ಟೆಯೂ ಬದಲಾಯಿತು. ಬೆಂದ ಅನ್ನ ಅದಕ್ಕೆ ಪರಕೀಯವಲ್ಲ.

ಇನ್ನು ಅಲರ್ಜಿ. ಆಹಾರದಿಂದಲೇ ಚರ್ಮದ ತೊಂದರೆ ಬಂದ 297 ನಾಯಿಗಳ ವಿವರವನ್ನು 2016ರ ಒಂದು ವಿಮರ್ಶಾ ಲೇಖನ ಒಟ್ಟುಗೂಡಿಸಿದೆ. ಅದರಲ್ಲಿ ದನದ ಮಾಂಸ 102 ನಾಯಿಗಳಿಗೆ, ಹಾಲಿನ ಪದಾರ್ಥ 51ಕ್ಕೆ, ಕೋಳಿ 45ಕ್ಕೆ, ಗೋಧಿ 38ಕ್ಕೆ ಆಗಿಬಂದಿರಲಿಲ್ಲ. ಅಕ್ಕಿಯ ಪಾಲು ಶೇಕಡಾ 2ರಷ್ಟು. ಧಾನ್ಯ ಬಿಟ್ಟು ಕೋಳಿ ತುಂಬಿದ ತಿಂಡಿ ಕೊಟ್ಟರೆ ಕೆಲವು ನಾಯಿಗಳಿಗೆ ಕೆರೆತ ಹೆಚ್ಚೇ ಆದೀತು! ನಿಜವಾದ ಅಲರ್ಜಿಯೋ ಎಂದು ತಿಳಿಯಲು ಪಶುವೈದ್ಯರು ಸುಮಾರು 8 ವಾರ ಆಯ್ದ ಆಹಾರ ಮಾತ್ರ ಕೊಟ್ಟು ನೋಡುತ್ತಾರೆ. ಕರಿಯನಿಗೆ ಅದರ ಅಗತ್ಯವೇ ಬೀಳಲಿಲ್ಲ. ವೈದ್ಯರು ಕಿವಿ ಮಡಚಿ, ಬೆರಳಿನ ಸಂದು ಬಿಡಿಸಿ ತೋರಿಸಿದರು: ಎಲ್ಲಾ ಕಡೆ ಉಣ್ಣಿ. ಔಷಧ ಹಾಕಿದ ಮೇಲೆ ಕೆರೆತ ನಿಂತಿತು, ಅನ್ನ ಮುಂದುವರಿಯಿತು.

ಧಾನ್ಯ ತೆಗೆದ ಪೊಟ್ಟಣದಲ್ಲಿ ಅದರ ಜಾಗಕ್ಕೆ ಏನು ಬಂದಿದೆ ಎಂಬುದನ್ನೂ ನೋಡಬೇಕು. ಹೆಚ್ಚಾಗಿ ಬಟಾಣಿ, ಮಸೂರ, ಆಲೂಗಡ್ಡೆ. ಪಿಷ್ಟ ಅಲ್ಲೂ ಇದೆ. 2018ರ ಜುಲೈಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂಥ ಆಹಾರ ತಿನ್ನುವ ನಾಯಿಗಳಲ್ಲಿ ಹೃದಯದ ಸ್ನಾಯು ಸೊರಗಿ ಹೃದಯ ಹಿಗ್ಗುವ ಕಾಯಿಲೆ ಕಾಣುತ್ತಿದೆ ಎಂದು ತನಿಖೆ ಘೋಷಿಸಿತು. 2019ರ ಏಪ್ರಿಲ್‌ವರೆಗೆ ನಾಯಿಗಳ 515 ವರದಿ ಬಂದಿದ್ದವು. ಅವುಗಳಲ್ಲಿ ಹೆಸರಿಸಿದ ಆಹಾರಗಳ ಪೈಕಿ ಶೇಕಡಾ 90ಕ್ಕಿಂತ ಹೆಚ್ಚು ಧಾನ್ಯರಹಿತ. ಆದರೆ ಇದೇ ಕಾರಣ ಎಂದು ಸಾಬೀತಾಗಿಲ್ಲ, ಮತ್ತು ಆ ವರದಿಗಳು ದಿನದ ಊಟದ ಕುರಿತಾದವು, ಆಗೊಮ್ಮೆ ಈಗೊಮ್ಮೆ ಕೊಡುವ ತಿಂಡಿಯ ಕುರಿತಲ್ಲ. ಹೆದರುವುದು ಬೇಡ, ಆದರೆ ‘ಧಾನ್ಯವಿಲ್ಲ’ ಎಂಬುದನ್ನೇ ಆರೋಗ್ಯದ ಸರ್ಟಿಫಿಕೇಟ್ ಎಂದು ಓದುವುದೂ ಬೇಡ.

ನನ್ನನ್ನು ಕೇಳಿದರೆ ಮೊದಲು ಬಿಡಬೇಕಾದದ್ದು ಬಿಸ್ಕತ್ತು. ಗೋಧಿಯ ಕಾರಣಕ್ಕಲ್ಲ, ಸಕ್ಕರೆಯ ಕಾರಣಕ್ಕೆ. ಬದಲಿಗೆ ಕೊಡಬಹುದಾದ ಧಾನ್ಯವಿಲ್ಲದ ತಿಂಡಿ ನಮ್ಮ ಅಡುಗೆಮನೆಯಲ್ಲೇ ಇದೆ: ಉಪ್ಪು, ಮೆಣಸು ಹಾಕದೆ ಬೇಯಿಸಿ ಮುಳ್ಳು ಬಿಡಿಸಿದ ಬಂಗುಡೆ, ಬೇಯಿಸಿದ ಗೆಣಸು, ಸಿಹಿಕುಂಬಳ, ಮೊಟ್ಟೆ, ಕೋಳಿಯ ಲಿವರ್ ಸಣ್ಣ ತುಂಡು. ಲಿವರ್‌ನಲ್ಲಿ ವಿಟಮಿನ್ ಎ ಬಹಳ, ಹಾಗಾಗಿ ದಿನಾ ಬೇಡ. ಒಣಮೀನು ನಾಯಿಗೆ ಎಷ್ಟೇ ಇಷ್ಟವಾದರೂ ಅದರ ಉಪ್ಪು ಜಾಸ್ತಿ.

ಎಷ್ಟು ಕೊಡಬೇಕು? ತಿಂಡಿ ದಿನದ ಕ್ಯಾಲೊರಿಯ ಹತ್ತರಲ್ಲಿ ಒಂದು ಪಾಲು ಮೀರಬಾರದು. ಲೆಕ್ಕ ಗಣಿತದವರಿಗೆ ಇಷ್ಟವಾದೀತು: ನಾಯಿಯ ತೂಕದ (ಕಿಲೋದಲ್ಲಿ) 0.75 ಘಾತವನ್ನು 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿ ಬೇಕಾಗುವ ಕ್ಯಾಲೊರಿ. 15 ಕಿಲೋ ನಾಯಿಗೆ ಸುಮಾರು 530. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೆಳೆದ ನಾಯಿಗೆ ಅದರ 1.6 ಪಟ್ಟು, ಅಂದರೆ 850. ತಿಂಡಿಯ ಪಾಲು 85. ಒಂದು ಬೆಂದ ಮೊಟ್ಟೆಯಲ್ಲೇ 70ರ ಮೇಲೆ ಇದೆ, ಮೊಟ್ಟೆ ಕೊಟ್ಟ ದಿನ ಬೇರೆ ಏನೂ ಬೇಡ.

ಕೊಡಲೇಬಾರದ್ದೂ ಕೆಲವಿವೆ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಹಾಗಾಗಿ ಸಾರು ಕಲಸಿದ ಮೀನು ಬೇಡ. ದ್ರಾಕ್ಷಿ, ಒಣದ್ರಾಕ್ಷಿಯಿಂದ ಮೂತ್ರಪಿಂಡಕ್ಕೆ ಪೆಟ್ಟು. ಚಾಕೊಲೇಟ್ ವಿಷ. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಇನ್ನೂ ಅಪಾಯ. ಬೆಂದ ಕೋಳಿಯ ಎಲುಬು ಸೀಳಿ ಗಂಟಲಿಗೋ ಕರುಳಿಗೋ ಚುಚ್ಚಬಹುದು. ಮೇ, ಜೂನ್ ತಿಂಗಳಲ್ಲಿ ಅಂಗಳದ ತುಂಬ ಬೀಳುವ ಮಾವಿನ ಗೊರಟು, ಹಲಸಿನ ಬೀಜಗಳನ್ನು ನಾಯಿ ನುಂಗಿದರೆ ಕರುಳು ಕಟ್ಟಬಹುದು. ಅದನ್ನು ಗುಡಿಸಿ ದೂರ ಹಾಕಿ. ಮಾರನೆಯ ದಿನ ನಾಯಿ ಊಟ ಬಿಟ್ಟು ಪದೇ ಪದೇ ವಾಂತಿ ಮಾಡಿದರೆ ಮನೆಮದ್ದಿಗೆ ಕಾಯದೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.