ಕಂತಿನ ಕೊನೆಯ ಅರ್ಧ ನಿಮಿಷ

‘ಹಮ್ ಲೋಗ್’ ಭಾರತದ ದೂರದರ್ಶನ ಕಂಡ ಮೊದಲ ದೀರ್ಘ ಕೌಟುಂಬಿಕ ಧಾರಾವಾಹಿ. 1984ರ ಜುಲೈ 7ರಂದು ಶುರುವಾಗಿ 1985ರ ಡಿಸೆಂಬರ್ 17ರಂದು ಮುಗಿಯಿತು. ಹದಿನೇಳು ತಿಂಗಳಲ್ಲಿ 150ಕ್ಕೂ ಹೆಚ್ಚು ಕಂತು, ಅಂದರೆ ವಾರಕ್ಕೆ ಸುಮಾರು ಎರಡು. ಜನಪ್ರಿಯತೆಯ ತುದಿಯಲ್ಲಿದ್ದಾಗ ಇದನ್ನು ಐದು ಕೋಟಿಯಷ್ಟು ಜನ ನೋಡುತ್ತಿದ್ದರು. ಆ ನೋಡುಗರಲ್ಲಿ ಯಾರನ್ನಾದರೂ ಈಗ ಕಥೆ ಕೇಳಿದರೆ ಎರಡು ಮಾತಿಗೇ ತಡವರಿಸುತ್ತಾರೆ. ಆದರೆ ಪ್ರತಿ ಕಂತು ಮುಗಿದ ಮೇಲೆ ಹಿರಿಯ ನಟ ಅಶೋಕ್ ಕುಮಾರ್ ತೆರೆಯ ಮೇಲೆ ಬಂದು ಆಡುತ್ತಿದ್ದ ಅರ್ಧ ನಿಮಿಷದ ಮಾತು ಮಾತ್ರ ಅವರಿಗೆ ಸ್ಪಷ್ಟವಾಗಿ ನೆನಪಿರುತ್ತದೆ. ಈ ಧಾರಾವಾಹಿಯ ಜೀವ ಇದ್ದದ್ದೂ ಅಲ್ಲಿಯೇ.

ಇದರ ಬೇರು ಇರುವುದು ದೂರದ ಲ್ಯಾಟಿನ್ ಅಮೆರಿಕದಲ್ಲಿ. 1969ರಲ್ಲಿ ಪೆರು ದೇಶದಲ್ಲಿ ‘ಸಿಂಪ್ಲೆಮೆಂತೆ ಮರಿಯಾ’ ಎಂಬ ಧಾರಾವಾಹಿ ಬಂತು. ಮನೆಗೆಲಸದ ಹುಡುಗಿಯೊಬ್ಬಳು ಹೊಲಿಗೆ ಕಲಿತು ಮೇಲೆ ಬರುವ ಕಥೆ. ಅದನ್ನು ನೋಡಿದ ಹೆಂಗಸರು ಹೊಲಿಗೆ ತರಗತಿಗೆ ಸೇರತೊಡಗಿದರು, ಹೊಲಿಗೆ ಯಂತ್ರದ ಮಾರಾಟ ಏರಿತು. ಮೆಕ್ಸಿಕೋದ ಮಿಗೆಲ್ ಸಬಿದೋ ಇದನ್ನು ಗಮನಿಸಿ ಒಂದು ಸೂತ್ರವನ್ನೇ ಕಟ್ಟಿದರು. ಅನುಸರಿಸಬೇಕಾದ ಪಾತ್ರಗಳು ಕೆಲವು, ಅನುಸರಿಸಬಾರದವು ಕೆಲವು, ಇವೆರಡರ ನಡುವೆ ತೂಗಾಡಿ ಕೊನೆಗೆ ದಡ ಸೇರುವವು ಕೆಲವು. ಕುಟುಂಬ ಯೋಜನೆಯ ಮೇಲೆ ಅವರು 1977–78ರಲ್ಲಿ ಮಾಡಿದ ಧಾರಾವಾಹಿ ಮೆಕ್ಸಿಕೋದಲ್ಲಿ ಗೆದ್ದಿತು. ಮೆಕ್ಸಿಕೋಗೆ ಹೋಗಿ ಬಂದ ಆಗಿನ ಕೇಂದ್ರ ಸಚಿವ ವಸಂತ ಸಾಠೆ ಈ ವಿಚಾರವನ್ನು ದೆಹಲಿಗೆ ತಂದರು. ವಾರ್ತಾ ಇಲಾಖೆಯ ಕಾರ್ಯದರ್ಶಿಯಾಗಿದ್ದ ಎಸ್.ಎಸ್. ಗಿಲ್ ಬೆನ್ನಿಗೆ ನಿಂತರು. ಹಿಂದಿ ಲೇಖಕ, ಪತ್ರಕರ್ತ ಮನೋಹರ ಶ್ಯಾಮ ಜೋಶಿ ಬರೆದರು, ಪಿ. ಕುಮಾರ್ ವಾಸುದೇವ್ ನಿರ್ದೇಶಿಸಿದರು.

ಮೊದಲ ಕಂತುಗಳು ಕುಟುಂಬ ಯೋಜನೆಯ ಪಾಠದಂತೆಯೇ ಇದ್ದವು, ಜನಕ್ಕೆ ಹಿಡಿಸಲಿಲ್ಲ. ಜೋಶಿ ಬೇಗ ಎಚ್ಚೆತ್ತು ಉಪದೇಶವನ್ನು ಹಿಂದಕ್ಕೆ ಸರಿಸಿ ಮನೆಯನ್ನು ಮುಂದಕ್ಕೆ ತಂದರು. ಗೆಲುವಿನ ಬಹುಪಾಲು ಶ್ರೇಯಸ್ಸು ಈ ಒಂದು ನಿರ್ಧಾರಕ್ಕೆ ಸಲ್ಲಬೇಕು.

ಮನೆ ಎಂದರೆ ಕೆಳಮಧ್ಯಮ ವರ್ಗದ ಇಕ್ಕಟ್ಟಿನ ಮನೆ. ಕುಡುಕ ಅಪ್ಪ ಬಸೇಸರ್ ರಾಮ್, ಎಲ್ಲವನ್ನೂ ನುಂಗಿಕೊಳ್ಳುವ ತಾಯಿ ಭಗವಂತಿ, ಶಿಸ್ತಿನ ಅಜ್ಜ, ಬಾಯಿ ಜೋರಿನ ಅಜ್ಜಿ, ಐವರು ಮಕ್ಕಳು. ಹಿರಿಯ ಮಗ ಲಲ್ಲೂಗೆ ಕೆಲಸವಿಲ್ಲ. ನನ್ಹೆಗೆ ಕ್ರಿಕೆಟ್ ಹುಚ್ಚು. ಹೆಣ್ಣುಮಕ್ಕಳಿಗೆ ಗುಣವಂತಿ, ರೂಪವಂತಿ, ಪ್ರೀತಿ ಎಂಬ ಹೆಸರುಗಳಿದ್ದರೂ ಮನೆಯಲ್ಲಿ ಕರೆಯುವುದು ಬಡ್ಕಿ, ಮಂಝ್ಲಿ, ಛುಟ್ಕಿ ಎಂದೇ: ದೊಡ್ಡವಳು, ನಡುವಿನವಳು, ಚಿಕ್ಕವಳು. ದೊಡ್ಡಕ್ಕ, ಸಣ್ಣಕ್ಕ, ಪುಟ್ಟಿ ಎಂದು ಕರೆದು ನಿಜವಾದ ಹೆಸರನ್ನು ಶಾಲೆಯ ಹಾಜರಿಗೆ ಬಿಟ್ಟುಕೊಡುವ ಕನ್ನಡದ ಮನೆಗಳಿಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ. ಅಜ್ಜಿಯಾಗಿ ನಟಿಸಿದ ಸುಷ್ಮಾ ಸೇಠ್ ಮತ್ತು ಮಂಝ್ಲಿಯಾದ ದಿವ್ಯಾ ಸೇಠ್ ನಿಜ ಜೀವನದಲ್ಲಿ ತಾಯಿ ಮಗಳು. ತೆರೆಯ ಮೇಲೆ ಅಜ್ಜಿ ಮೊಮ್ಮಗಳನ್ನು ಗದರುವಾಗ ಮಾತಿಗೆ ಬರುವ ಆ ಸಲಿಗೆಯನ್ನು ಹಳೆಯ ಕಂತುಗಳಲ್ಲಿ ಈಗಲೂ ಕಾಣಬಹುದು.

ಭಗವಂತಿಯ ಪಾತ್ರದ ಬಗ್ಗೆ ಹೆಚ್ಚು ಹೇಳಬೇಕು. ಧಾರಾವಾಹಿಯ ಪರಿಣಾಮವನ್ನು ಅಧ್ಯಯನ ಮಾಡಿದ ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ಅವರ ಬರಹಗಳಲ್ಲಿ ಎಲ್ಲಕ್ಕಿಂತ ಕುತೂಹಲದ ಸಂಗತಿ ಇದೇ. ಗಂಡನ ಬೈಗುಳ, ಅತ್ತೆಯ ಕೊಂಕು ಎರಡನ್ನೂ ಸಹಿಸುವ ಈ ತಾಯಿಯನ್ನು ರೂಪಿಸಿದ್ದು ಹೀಗಿರಬಾರದು ಎಂದು ತೋರಿಸಲು. ನೋಡುಗರಲ್ಲಿ ಅನೇಕರು, ಅದರಲ್ಲೂ ಹೆಂಗಸರು, ಅವಳನ್ನೇ ಆದರ್ಶವಾಗಿ ಎತ್ತಿಕೊಂಡರು. ಎಂಥ ತಾಯಿ, ಮನೆಯನ್ನು ಹೇಗೆ ಹಿಡಿದಿಟ್ಟಿದ್ದಾಳೆ ನೋಡಿ ಎಂದರು. ಸಬಿದೋ ಸೂತ್ರ ಇಲ್ಲಿ ತಲೆಕೆಳಗಾಯಿತು. ಸಂಶೋಧಕರ ಕಣ್ಣಿಗೆ ಇದು ಯೋಜನೆಯ ಸೋಲಿನಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಅದನ್ನು ಸೋಲು ಎಂದು ಒಪ್ಪುವುದು ಕಷ್ಟ. ಜಯಶ್ರೀ ಅರೋರಾ ಅಭಿನಯಿಸಿದ ಭಗವಂತಿ ಒಲೆಯ ಮುಂದೆ ಕೂತು, ಸೆರಗಿನ ಚುಂಗಿನಿಂದ ಮುಖ ಒರೆಸಿಕೊಂಡು, ಯಾರಿಗೂ ಉತ್ತರ ಕೊಡದೆ ಸುಮ್ಮನಿರುವಾಗ ನೋಡುವ ಹೆಂಗಸರಿಗೆ ಎಚ್ಚರಿಕೆಯ ಫಲಕ ಕಂಡಿರಲಾರದು. ತಮ್ಮದೇ ತಾಯಿ ಕಂಡಿರುತ್ತಾಳೆ. ಆ ಸಹನೆಯನ್ನು ತಪ್ಪು ಎಂದರೆ ಆ ತಾಯಿಯ ಬದುಕನ್ನೇ ತಪ್ಪು ಎಂದಂತೆ. ದೆಹಲಿಯ ಯೋಜನೆಯಲ್ಲಿ ಈ ಮರ್ಯಾದೆಗೆ ಜಾಗವಿರಲಿಲ್ಲ, ನೋಡುಗರು ತಾವೇ ಜಾಗ ಮಾಡಿಕೊಟ್ಟರು.

ಅಶೋಕ್ ಕುಮಾರ್ ಅವರ ಮಾತಿಗೆ ಕೆಲಸ ಬೀಳುತ್ತಿದ್ದದ್ದು ಇಂಥ ಕಡೆಯೇ. 1943ರ ‘ಕಿಸ್ಮತ್’ ಚಿತ್ರದ ನಾಯಕನಿಗೆ ಆಗ ಎಪ್ಪತ್ತು ದಾಟಿತ್ತು. ಕಂತು ಮುಗಿಯುತ್ತಲೇ ಅವರು ನೇರವಾಗಿ ಕ್ಯಾಮೆರಾ ನೋಡಿ ಮೂವತ್ತು ನಲವತ್ತು ಸೆಕೆಂಡು ಮಾತಾಡುತ್ತಿದ್ದರು. ಉತ್ತರ ಭಾರತದ ಮದುವೆಗಳಲ್ಲಿ ಮದುಮಗ ಹೇಳುವ ‘ಛನ್ ಪಕೈಯಾ’ ಧಾಟಿಯ ತಮಾಷೆ ಪದ್ಯ, ಆ ದಿನದ ಕಥೆಯ ಮೇಲೊಂದು ಟಿಪ್ಪಣಿ, ನೀವೇನಂತೀರಿ ಎಂಬ ಪ್ರಶ್ನೆ, ಅಷ್ಟೇ. ತೀರ್ಪು ಕೊಡುತ್ತಿದ್ದದ್ದು ಅಪರೂಪ. ಕೊನೆಕೊನೆಯ ಕಂತುಗಳಲ್ಲಿ ಪಾತ್ರಧಾರಿಗಳನ್ನು ಪರಿಚಯಿಸುತ್ತ, ‘ಹಮ್ ಲೋಗ್’ ಎಂಬ ಮಾತನ್ನು ಭಾರತದ ಬೇರೆ ಬೇರೆ ಭಾಷೆಗಳಲ್ಲಿ ಹೇಳಿ ವಿದಾಯ ಕೋರುತ್ತಿದ್ದರು. ಹಿಂದಿ ಧಾರಾವಾಹಿಯೊಂದು ಹಿಂದಿ ಬಾರದವರ ಕಡೆಗೂ ತಿರುಗಿ ನೋಡುತ್ತಿದ್ದ ಕ್ಷಣ ಅದು.

ಆ ಪ್ರಶ್ನೆಗೆ ಜನ ನಿಜವಾಗಿಯೇ ಉತ್ತರ ಬರೆದರು. ಧಾರಾವಾಹಿಗೆ ಬಂದ ಪತ್ರಗಳು ನಾಲ್ಕು ಲಕ್ಷಕ್ಕೂ ಹೆಚ್ಚು, ಸರಾಸರಿ ತೆಗೆದರೆ ದಿನಕ್ಕೆ ಏಳುನೂರು ದಾಟುತ್ತದೆ. ನಮ್ಮಿಷ್ಟದ ಮದುವೆಗೆ ನಮ್ಮ ಅಪ್ಪ ಅಮ್ಮನನ್ನು ನೀವೇ ಒಪ್ಪಿಸಿ ಎಂದು ಅಶೋಕ್ ಕುಮಾರ್ ಅವರಿಗೆ ಬರೆದ ಹುಡುಗ ಹುಡುಗಿಯರೂ ಇದ್ದರು. ಡಾಕ್ಟರ್ ಅಶ್ವಿನಿಯನ್ನು ಮದುವೆಯಾಗಲೋ ಬೇಡವೋ ಎಂದು ಬಡ್ಕಿ ತಿಂಗಳುಗಟ್ಟಲೆ ತೂಗಾಡಿದಾಗ ಒಪ್ಪಿಕೋ ಎಂದು ಬುದ್ಧಿ ಹೇಳುವ ಕಾಗದಗಳು ಬಂದವು. ಆ ಮದುವೆಯ ಕಂತಿನ ದಿನ ಉತ್ತರ ಭಾರತದಲ್ಲಿ ಅಂಗಡಿಗಳು ಬೇಗ ಬಾಗಿಲು ಹಾಕಿದವು. ಕಂತಿನಿಂದ ಕಂತಿಗೆ ಎರಡು ಮೂರು ದಿನ ಬಿಡುವು ಇದ್ದುದರಿಂದಲೇ ಇದೆಲ್ಲ ಸಾಧ್ಯವಾಯಿತು. ಪಕ್ಕದ ಮನೆಯವರೊಡನೆ ವಾದ ಮಾಡಲು, ಅಂಚೆ ಕಚೇರಿಗೆ ಹೋಗಿ ಕಾರ್ಡು ತರಲು, ಬರೆದು ಡಬ್ಬಿಗೆ ಹಾಕಲು ಆ ಬಿಡುವು ಸಾಕಾಗುತ್ತಿತ್ತು. ಇಡೀ ಸರಣಿಯನ್ನು ಒಂದೇ ರಾತ್ರಿ ಮುಗಿಸಿಬಿಡುವ ಇಂದಿನ ನೋಟದಲ್ಲಿ ಇದಕ್ಕೆ ಎಡೆಯೇ ಇಲ್ಲ, ಅದು ನಷ್ಟವೇ ಸರಿ.

ಪ್ರಾಯೋಜಿತ ಧಾರಾವಾಹಿಗಳ ಯುಗವೂ ‘ಹಮ್ ಲೋಗ್’ನಿಂದಲೇ ತೆರೆಯಿತು. ಮಾರುಕಟ್ಟೆಗೆ ಆಗಷ್ಟೇ ಬಂದಿದ್ದ ಮ್ಯಾಗಿ ನೂಡಲ್ಸ್ ಇದರ ಬೆನ್ನೇರಿ ಮನೆಮನೆಯ ಹೆಸರಾಯಿತು.

ಸಮಯವೂ ಕೂಡಿಬಂದಿತ್ತು. 1984ರಲ್ಲಿ ಕೆಲವು ತಿಂಗಳು ಸರಿಸುಮಾರು ದಿನಕ್ಕೊಂದರಂತೆ ಪ್ರಸಾರ ಕೇಂದ್ರಗಳು ಏಳುತ್ತಿದ್ದವು, ಸಣ್ಣ ಪಟ್ಟಣಗಳಿಗೆ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ತಲುಪತೊಡಗಿತ್ತು. ಕರ್ನಾಟಕದ ಊರುಗಳಲ್ಲಿ ಬೀದಿಗೊಂದು ಡಯನೋರಾ ಅಥವಾ ಸಾಲಿಡೇರ್ ಟಿ.ವಿ., ಅದಕ್ಕೆ ಮರದ ಪೆಟ್ಟಿಗೆ, ಎಳೆದು ಮುಚ್ಚುವ ಬಾಗಿಲು. ಹೊತ್ತಾಗುತ್ತಿದ್ದಂತೆ ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದರು, ಅಕ್ಕಪಕ್ಕದ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಬಂದು ಕೂರುತ್ತಿದ್ದರು. ಮಾಳಿಗೆಯ ಮೇಲೆ ಒಬ್ಬ ಆಂಟೆನಾ ತಿರುಗಿಸುತ್ತ ‘ಬಂತಾ?’ ಎಂದು ಕೂಗುವುದು, ಕೆಳಗಿನಿಂದ ‘ಬಂತು, ಬಂತು, ಅಯ್ಯೋ ಹೋಯ್ತು’ ಎಂಬ ಉತ್ತರ. ನಡುವೆ ಪ್ರಸಾರ ನಿಂತರೆ ಅಡಚಣೆಗೆ ವಿಷಾದ ಸೂಚಿಸುವ ಹಿಂದಿ ಫಲಕ. ಹಿಂದಿ ಬಾರದ ಅಜ್ಜಿಗೆ ಹೈಸ್ಕೂಲಿನ ಮೊಮ್ಮಗಳು ಪಿಸುಮಾತಿನಲ್ಲಿ ಅರ್ಥ ಹೇಳುತ್ತಿದ್ದಳು. ಅವಳ ಅರ್ಧಮರ್ಧ ಹಿಂದಿಯಲ್ಲಿ ಹುಟ್ಟಿದ ಕಥೆ ದೆಹಲಿಯದಕ್ಕಿಂತ ಒಂದಿಷ್ಟು ಬೇರೆಯೇ ಆಗಿರುತ್ತಿತ್ತು.

‘ಹಮ್ ಲೋಗ್’ ಮುಗಿದ ಮೇಲೆ ಜೋಶಿಯವರೇ ದೇಶವಿಭಜನೆಯ ಕಥೆ ‘ಬುನಿಯಾದ್’ ಬರೆದರು. ಕಲೆಯ ಲೆಕ್ಕದಲ್ಲಿ ಅದು ಮೇಲು, ಪ್ರೀತಿಯ ಲೆಕ್ಕದಲ್ಲಿ ಮೊದಲನೆಯದೇ. ಕನ್ನಡಕ್ಕೆ ಅಂಥ ಮನೆಮಾತಿನ ಧಾರಾವಾಹಿ ಸಿಕ್ಕಿದ್ದು 1998ರಲ್ಲಿ, ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಕೂಡಿ ‘ಚಂದನ’ಕ್ಕೆ ಮಾಡಿದ ‘ಮಾಯಾಮೃಗ’ದಿಂದ. ಅದರಲ್ಲಿ ಅರ್ಥ ಹೇಳಿಕೊಡುವ ಮೊಮ್ಮಗಳ ಅಗತ್ಯ ಬೀಳಲಿಲ್ಲ.

ಬಡ್ಕಿಯಾಗಿದ್ದ ಸೀಮಾ ಭಾರ್ಗವ, ಅದೇ ಧಾರಾವಾಹಿಯ ಸಹನಟ ಮನೋಜ್ ಪಾಹ್ವಾ ಅವರನ್ನು ಮದುವೆಯಾಗಿ ಸೀಮಾ ಪಾಹ್ವಾ ಆದರು. ಮುಂದೆ ಎಷ್ಟೋ ಸಿನಿಮಾ ಮಾಡಿದರೂ ಬಡ್ಕಿ ಎಂಬ ಹೆಸರು ಅವರನ್ನು ಬಿಡಲಿಲ್ಲ. ಅಶೋಕ್ ಕುಮಾರ್ 2001ರಲ್ಲಿ, ಜೋಶಿ 2006ರಲ್ಲಿ ತೀರಿಕೊಂಡರು. ಚಾಪೆಯ ಮೇಲೆ ಕೂತು ನೋಡಿದ ದೊಡ್ಡವರಿಗೆ ಈಗ ಎಪ್ಪತ್ತು, ಎಂಬತ್ತು. ಯಾರ ಮನೆಯಲ್ಲಿ ನೋಡುತ್ತಿದ್ದರು, ಅರ್ಥ ಹೇಳುತ್ತಿದ್ದವರು ಯಾರು, ಭಗವಂತಿಯ ಬಗ್ಗೆ ಏನೆನ್ನಿಸಿತ್ತು ಎಂದು ಮನೆಯ ಹಿರಿಯರನ್ನು ಈ ವಾರವೇ ಕೇಳಿ ಬರೆದಿಡಿ.